ಶ್ವಾಸಕೋಶದ ಆ್ಯಪ್‌ಗೆ ಕನ್ನಡ ಬರಲಿ

ಮಾನ್ಯ ಸಂಪಾದಕರೇ,

ನನ್ನ ಅಮ್ಮನಿಗೆ 71 ವರ್ಷ. ಬೀಡಿ ಮುಟ್ಟಿದವಳಲ್ಲ. ಆದರೆ ಅಡುಗೆ ಒಲೆ, ಬಚ್ಚಲೊಲೆ, ಸುಲಿತದ ಕಾಲದಲ್ಲಿ ಅಡಿಕೆ ಬೇಯಿಸುವ ಹಂಡೆ ಅಂತ ಐವತ್ತು ವರ್ಷ ಹೊಗೆ ಕುಡಿದಿದ್ದಾಳೆ. ಈಗ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ. ಇನ್ಹೇಲರ್ ಶುರುವಾಗಿ ಎರಡು ವರ್ಷವಾಯಿತು. ಈ ಬೇಸಿಗೆಯಲ್ಲಿ ಶಿವಮೊಗ್ಗದ ಡಾಕ್ಟರ್ ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಸಿದರು.

ಸುಮ್ನೆ ಇನ್ನೊಂದು ರಗಳೆ ಅಂದುಕೊಂಡಿದ್ದೆ. ಅದರಲ್ಲಿದ್ದ ಇನ್ಹೇಲರ್ ವಿಡಿಯೊ ನೋಡಿ ಇಬ್ಬರೂ ಬೆಪ್ಪಾದೆವು. ಉಸಿರು ಪೂರ್ತಿ ಹೊರಗೆ ಬಿಟ್ಟು, ಒಳಗೆ ಎಳೆಯಲು ಶುರು ಮಾಡುತ್ತಲೇ ಒತ್ತಬೇಕು. ನಿಧಾನವಾಗಿ ಎಳೆದು ಹತ್ತು ಎಣಿಸುವ ತನಕ ಹಿಡಿಯಬೇಕು. ಅಮ್ಮ ಇಷ್ಟು ದಿನ ಮೊದಲು ಒತ್ತಿ ಆಮೇಲೆ ಎಳೆಯುತ್ತಿದ್ದಳು. ಔಷಧಿಯೆಲ್ಲ ನಾಲಿಗೆ ಮೇಲೆ. ‘ಎರಡು ವರ್ಷದ ದುಡ್ಡು ಮುಕ್ಕಳಿಸಿ ಉಗಿದಾಯ್ತಲ್ಲ ಮಾರಾಯ’ ಅಂದಳು.

ಉಪಯೋಗ ಇಲ್ಲ ಅಂತ ಹೇಳಲಾರೆ. ಆದರೆ ವಾರಕ್ಕೊಮ್ಮೆ ಅದು ಎಂಟು ಪ್ರಶ್ನೆ ಕೇಳುತ್ತದೆ, ಎಲ್ಲವೂ ಇಂಗ್ಲಿಷಿನಲ್ಲಿ. ಸೊನ್ನೆಯಿಂದ ಐದರವರೆಗೆ ಅಂಕ ಕೊಡಬೇಕು. ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ ಅಂತ ಒಂದು ಪ್ರಶ್ನೆ. ನಮ್ಮದು ಹೆಂಚಿನ ಮನೆ, ಹತ್ತುವುದಿದ್ದರೆ ಅಟ್ಟದ ಏಣಿ. ಅಮ್ಮನ ಲೆಕ್ಕವೇ ಬೇರೆ. ತೋಟದಿಂದ ಮನೆಗೆ ಏರು ಹತ್ತುವಾಗ ಹಲಸಿನ ಮರದ ತನಕ ನಿಲ್ಲದೆ ಬಂದರೆ ಅವತ್ತು ಒಳ್ಳೆಯ ದಿನ. ಮರಕ್ಕಿಂತ ಮೊದಲೇ ಎರಡು ಸಲ ನಿಂತಳೋ, ನಾನು ಆ್ಯಪ್ ನೋಡದೆಯೇ ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಒಂದು ರಾತ್ರಿ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಶೇ 91 ತೋರಿಸಿತು. ಆ್ಯಪ್‌ನಲ್ಲಿ ಕೆಂಪು ಬಣ್ಣ, ಜೊತೆಗೆ ಕಿರುಚಾಟ. ಬಾಡಿಗೆ ಜೀಪಿಗೆ ಓಡಿದೆ. ‘ಇವರಿಗೆ 88ರಿಂದ 92 ಇದ್ದರೆ ಸಾಕು, ಗಾಬರಿ ಬೇಡ’ ಅಂದರು ಡಾಕ್ಟರ್. ಹಾಗಾದರೆ ಆ ಅಂಕಿಯನ್ನು ರೋಗಿಗೆ ತಕ್ಕಂತೆ ಡಾಕ್ಟರೇ ಕೂರಿಸುವ ಹಾಗೆ ಮಾಡಬಹುದು ಅಲ್ವಾ?

ಇನ್ನು ಮಳೆಗಾಲ. ಕರೆಂಟ್ ಹೋದ ಮೂರನೇ ದಿನಕ್ಕೆ ಟವರೂ ಮಲಗುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಈ ಆ್ಯಪ್ ತೆರೆಯುವುದೇ ಇಲ್ಲ. ಥಂಡಿಗೆ ಅಮ್ಮನ ಉಬ್ಬಸ ಜಾಸ್ತಿಯಾಗುವುದೂ ಆಗಲೇ.

ಇಂಥ ಆ್ಯಪ್ ಮಾಡುವವರು ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಹೇಳಿಸಲಿ, ನೆಟ್‌ವರ್ಕ್ ಬರುವ ತನಕ ಉತ್ತರ ಫೋನಿನಲ್ಲೇ ಉಳಿಯಲಿ. ಅಷ್ಟು ಆಗುವ ತನಕ ಆರೋಗ್ಯ ಇಲಾಖೆ ಇನ್ಹೇಲರ್ ವಿಡಿಯೊವನ್ನಾದರೂ ಕನ್ನಡದಲ್ಲಿ ಮಾಡಿಸಿ ಆಶಾ ಕಾರ್ಯಕರ್ತೆಯರ ಮೊಬೈಲಿಗೆ ಕಳಿಸಲಿ. ನಮ್ಮೂರಲ್ಲೇ ಇನ್ನೂ ನಾಲ್ಕು ಮನೆಯಲ್ಲಿ ಇನ್ಹೇಲರ್ ಇದೆ. ಅವರು ಹೇಗೆ ಎಳೆಯುತ್ತಿದ್ದಾರೋ ನೋಡಿದವರಿಲ್ಲ.

– ಅಡಿಕೆ ಬೆಳೆಗಾರ, ನಗರ ಹೋಬಳಿ, ಹೊಸನಗರ ತಾಲ್ಲೂಕು