ಟಿಕೆಟ್ ಡಿಸೆಂಬರಿಗೆ ಹಾಕು ಪುಟ್ಟಿ

ಪುಟ್ಟಿ,

ನನ್ನ ಮಿಲಿಟರಿ ಪೆನ್ಶನ್ ಕಾಗದ ಸರಿಯಾಗೋ ತನಕ ಕೆನಡಾಕ್ಕೆ ಹೊರಡಲ್ಲ ಅಂತ ಭಾನುವಾರ ಫೋನಲ್ಲಿ ಜೋರು ಮಾಡಿಬಿಟ್ಟೆ, ಬೇಜಾರು ಮಾಡ್ಕೋಬೇಡ. ನೀನು ಫೋನ್ ಇಟ್ಟಮೇಲೆ ನಿಮ್ಮಮ್ಮ ರಾತ್ರಿ ತನಕ ನನ್ನ ಹತ್ರ ಮಾತಾಡಲಿಲ್ಲ. "ಆ ಪೆನ್ಶನ್ ಎಷ್ಟು ಬರುತ್ತೆ ಅಪ್ಪ, ಅದರ ಎರಡರಷ್ಟು ನಾನೇ ಅಮ್ಮನ ಕೈಗೆ ಕೊಡ್ತೀನಿ" ಅಂದ್ಯಲ್ಲ, ನೀನು ಕೊಡ್ತೀಯ, ಅದರಲ್ಲಿ ನಂಗೆ ಒಂಚೂರೂ ಅನುಮಾನ ಇಲ್ಲ. ಹಾಸನದಿಂದ ಮಿಸ್ಸಿಸಾಗಾ ತನಕ ಹೋಗಿ ಮನೆ ಮಾಡಿ, ನಮ್ಮಿಬ್ಬರಿಗೂ ಅಪ್ಪ ಅಮ್ಮಂದಿರು ವರ್ಷಗಟ್ಟಲೆ ಇರಬಹುದಾದ ಆ ಸೂಪರ್ ವೀಸಾ ಮಾಡ್ಸಿ, ಅದಕ್ಕೆ ಒಂದು ಲಕ್ಷ ಡಾಲರ್ ಕವರೇಜಿನ ಇನ್ಶೂರೆನ್ಸೂ ಕಟ್ಟಿದ್ದೀಯ. ಮಾಜಿ ಸೈನಿಕರ ಚಿಕಿತ್ಸೆಯ ಇಸಿಎಚ್‌ಎಸ್ ಕಾರ್ಡು ಅಲ್ಲಿ ನಡೆಯಲ್ಲ ಅಂತ ನನಗಿಂತ ಮುಂಚೆ ವಿಚಾರಿಸಿದವಳೂ ನೀನೇ. ಊರಲ್ಲಿ ಯಾರು ಸಿಕ್ಕಿದ್ರೂ ಇದನ್ನೇ ಹೇಳ್ಕೊಂಡು ಓಡಾಡ್ತಿದ್ದೀನಿ. ನೀನು ಮೊದಲ ಸಲ ಹೊರಟಾಗ ಏರ್‌ಪೋರ್ಟಲ್ಲಿ ಆಗಿದ್ದು ಇಬ್ಬರಿಗೂ ಗೊತ್ತು, ಅದನ್ನ ಬರೆಯೋದು ಬೇಡ.

ಬದುಕಿದ್ದೀನಿ ಅಂತ ವರ್ಷವರ್ಷ ಕೊಡೋ ಲೈಫ್ ಸರ್ಟಿಫಿಕೇಟಿಗೋಸ್ಕರ ಇಲ್ಲೇ ಕೂತ್ಕೋತಾನೆ ಮುದುಕ ಅಂತ ಅಳಿಯಂದ್ರು ಅಂದ್ಕೊಂಡಿರಬಹುದು. ಅದಲ್ಲ ಕಣಮ್ಮ. ಟೊರೊಂಟೊ ಕಾನ್ಸುಲೇಟಿನವರು ನವೆಂಬರಲ್ಲಿ ಗುರುದ್ವಾರ, ದೇವಸ್ಥಾನಗಳಲ್ಲೇ ಕ್ಯಾಂಪ್ ಹಾಕಿ ಸರ್ಟಿಫಿಕೇಟ್ ಕೊಡ್ತಾರೆ ಅಂತ ನಂಗೂ ಗೊತ್ತು. ಈಗ ಮೊಬೈಲಲ್ಲೂ ಆಗುತ್ತೆ. ಹೋದ ವರ್ಷ ಇಲ್ಲಿ ಸೆಂಟರಿನ ಹುಡುಗಿ ನನ್ನ ಹೆಬ್ಬೆರಳನ್ನ ಒದ್ದೆ ಬಟ್ಟೇಲಿ ಒರೆಸಿ ಒರೆಸಿ ಮೆಷಿನ್ ಮೇಲೆ ಒತ್ತಿಸಿದ್ಲು, ಗೆರೆಗಳೆಲ್ಲ ಸವೆದುಹೋಗಿವೆ, ತಗೊಳ್ಳಲೇ ಇಲ್ಲ. ಆಮೇಲೆ ಫೋನ್ ಮುಖದ ಮುಂದೆ ಹಿಡಿದು "ತಾತ, ಕಣ್ಣು ಮಿಟುಕಿಸಿ" ಅಂದ್ಲು. ಮಿಟುಕಿಸಿದೆ, ಆಯ್ತು. ಅದರಲ್ಲಿ ಸ್ಪರ್ಶ್ ಅಂತ, ಅಂದ್ರೆ ಮಿಲಿಟರಿ ಪೆನ್ಶನ್ನಿನ ಆನ್‌ಲೈನ್ ವ್ಯವಸ್ಥೆ, ಸೆಲೆಕ್ಟ್ ಮಾಡೋದನ್ನ ಮಾತ್ರ ಮರೀಬಾರದು, ನಮ್ಮ ಪೆನ್ಶನ್ ಈಗ ಪ್ರಯಾಗ್‌ರಾಜಿನ ಪಿಸಿಡಿಎ ಅನ್ನೋ ರಕ್ಷಣಾ ಲೆಕ್ಕದ ಆಫೀಸಿಂದ ನೇರ ಅಕೌಂಟಿಗೆ ಬರುತ್ತೆ.

ನನ್ನ ಭಯ ನಾನು ಹೋದಮೇಲಿಂದು.

ನಮ್ಮ ಎಂಇಜಿಯವನೇ, ಮದ್ರಾಸ್ ಎಂಜಿನಿಯರ್ ಗ್ರೂಪಿನವನೇ ಒಬ್ಬ ಹವಾಲ್ದಾರ್ ಇದ್ದ, 71ರ ಯುದ್ಧದಲ್ಲಿ ಜೊತೆಗಿದ್ದವನು, ನಿನ್ನ ಮದುವೆಗೂ ಬಂದಿದ್ದ. ಗಂಡ ಹೆಂಡ್ತಿ ಅಮೆರಿಕದಲ್ಲಿ ಮಗನ ಮನೆ ಸೇರಿದ್ರು. ಮಗ ಒಳ್ಳೆಯವನೇ, ಅದು ನೆನಪಿಟ್ಕೋ. ಹವಾಲ್ದಾರ ಅಲ್ಲೇ ತೀರ್ಕೊಂಡ. ದುಃಖದಲ್ಲಿ ಯಾರಿಗೂ ಪೆನ್ಶನ್ ಆಫೀಸಿಗೆ ತಿಳಿಸಬೇಕು ಅಂತ ಹೊಳೀಲಿಲ್ಲ, ಪೆನ್ಶನ್ ಬರ್ತಾನೇ ಇತ್ತು, ಇಲ್ಲಿ ಯಾರೋ ಸಂಬಂಧಿಕರು ಎಟಿಎಂ ಕಾರ್ಡಲ್ಲಿ ತೆಗೆದು ಮನೆ ರಿಪೇರಿಗೆ ಹಾಕಿದ್ರು. ನವೆಂಬರ್ ದಾಟಿದಮೇಲೆ ನಿಂತೋಯ್ತು. ಆಮೇಲೆ ಅವನ ಹೆಂಡ್ತಿ ಫ್ಯಾಮಿಲಿ ಪೆನ್ಶನ್ನಿಗೆ, ಅಂದ್ರೆ ಗಂಡ ಹೋದಮೇಲೆ ಹೆಂಡ್ತಿಗೆ ಬರೋ ಪೆನ್ಶನ್ನಿಗೆ, ಅರ್ಜಿ ಹಾಕಿದ್ರೆ ಅಕೌಂಟು ಜಾಯಿಂಟ್ ಅಲ್ಲ, ಹೆಸರು ಒಂದೊಂದು ಕಡೆ ಒಂದೊಂದು ಥರ, ಜಾಸ್ತಿ ತೆಗೆದಿದ್ದು ವಾಪಸ್ ಕಟ್ಟಿ ಅಂತ ಬೇರೆ. ಆಯಮ್ಮ ಒಂದಿನ ನಂಗೆ ಫೋನ್ ಮಾಡಿದ್ರು. ಮಂಡಿಗೆ ಹಚ್ಚೋ ಎಣ್ಣೆ ತರ್ಸೋಕೂ ಸೊಸೆ ಮುಖ ನೋಡ್ಬೇಕು ಅಣ್ಣ, ಅವ್ರು ದುಡ್ದಿದ್ದು ನಂಗೆ ಬರ್ಬೇಕು, ಮಗನ ಹತ್ರ ಎಷ್ಟು ಅಂತ ಕೇಳ್ಲಿ ಅಂದ್ರು. ಫೋನ್ ಹಿಡ್ಕೊಂಡು ನಿಂತೇ ಇದ್ದೆ, ಬಾಯಿಂದ ಏನೂ ಹೊರಡಲಿಲ್ಲ. ಅವನು ಕುಡೀದೆ, ಜೂಜಾಡದೆ, ಹೆಂಡ್ತಿಗೆ ಅಂತಲೇ ಒಂದೊಂದು ರೂಪಾಯಿ ಕೂಡಿಟ್ಟ ಮನುಷ್ಯ. ಆಕೆ ಕೇಳಿದ್ದು ಅವನ ದುಡ್ಡು, ಸರ್ಕಾರ ಕೊಡ್ತೀನಿ ಅಂತ ಬರ್ಕೊಟ್ಟ ದುಡ್ಡು, ಅದೂ ಸಿಗಲಿಲ್ಲ ಅಂದ್ರೆ ಏನು ಹೇಳೋದು.

ಈಗ ನಿಮ್ಮಮ್ಮನ ವಿಷಯ. ಸೈನ್ಯದ ರೆಕಾರ್ಡ್ ಆಫೀಸಿನ ಕಾಗದದಲ್ಲಿ ಅವಳ ಹೆಸರಿಗೆ "ಅಮ್ಮ" ಇಲ್ಲ, ಆಧಾರಲ್ಲಿ ಇದೆ. ಪಿಪಿಒದಲ್ಲಿ, ಅಂದ್ರೆ ಪೆನ್ಶನ್ ಮಂಜೂರಾತಿ ಆದೇಶದಲ್ಲಿ, ಅವಳ ಹುಟ್ಟಿದ ತಾರೀಕೇ ಇಲ್ಲ. ನಂಗೆ 80 ತುಂಬಿದ್ದಕ್ಕೆ ಬೇಸಿಕ್ ಮೇಲೆ 20 ಪರ್ಸೆಂಟ್ ಜಾಸ್ತಿ ಬರ್ತಿದೆ, 85ಕ್ಕೆ 30, 90ಕ್ಕೆ 40, ಫ್ಯಾಮಿಲಿ ಪೆನ್ಶನ್ನಿಗೂ ಇದೇ ಲೆಕ್ಕ, ಆದ್ರೆ ತಾರೀಕೇ ದಾಖಲಾಗದಿದ್ರೆ ಅವಳಿಗೆ 80 ಆಗಿದ್ದು ಯಾರಿಗೆ ಗೊತ್ತಾಗುತ್ತೆ? ನಾನು 67 ದಾಟಿರೋದ್ರಿಂದ ಜಾಸ್ತಿ ರೇಟಿಂದು ಸಿಗಲ್ಲ, ಅವಳಿಗೆ ಸಿಗೋದೇ ಸಂಬಳದ 30 ಪರ್ಸೆಂಟ್ ಲೆಕ್ಕದ ಮಾಮೂಲಿ ಫ್ಯಾಮಿಲಿ ಪೆನ್ಶನ್, ಒಂದೇ ರ್ಯಾಂಕಿನವರಿಗೆ ಒಂದೇ ಪೆನ್ಶನ್ ಅನ್ನೋ ಒನ್ ರ್ಯಾಂಕ್ ಒನ್ ಪೆನ್ಶನ್ನಲ್ಲಿ ಐದು ವರ್ಷಕ್ಕೊಮ್ಮೆ ಅದೂ ಏರುತ್ತೆ. ಕಮ್ಮಿ ಅಂತ ಅನ್ನಿಸ್ಬಹುದು. ಅದು ಅವಳ ಹೆಸರಿಗೆ, ಅವಳ ಅಕೌಂಟಿಗೆ ಬರುತ್ತಲ್ಲ ಪುಟ್ಟಿ. ನಾನು ಬಾರ್ಡರಲ್ಲಿದ್ದ ವರ್ಷಗಳೆಲ್ಲ ಹೊಲ, ಎಮ್ಮೆ, ಅತ್ತೆ, ನೀನು, ಎಲ್ಲ ನೋಡ್ಕೊಂಡವಳು ಅವಳು, ಆ ಸರ್ವೀಸಿಗೆ ಅವಳಿಗೆ ಬೇರೆ ಯಾರೂ ಸಂಬಳ ಕೊಟ್ಟಿಲ್ಲ.

ಮಾಜಿ ಸೈನಿಕರ ಕೆಲಸ ನೋಡ್ಕೊಳ್ಳೋ ಸೈನಿಕ ಬೋರ್ಡಿನವರು ಅಫಿಡವಿಟ್ ಮಾಡ್ಸಿ ಅಂದಿದ್ದಾರೆ, ಮಾಡ್ಸಿದ್ದೀನಿ. ಇನ್ನು ತಿದ್ದುಪಡಿ ಆಗಿ ಬರೋದೊಂದು ಬಾಕಿ. ಅಮ್ಮನ ಸಹಿ ಬೇಕು, ಖುದ್ದು ಹೋಗಬೇಕಾಗಬಹುದು, ಅದಕ್ಕೇ ಅದಾಗೋ ತನಕ ಇಲ್ಲಿಂದ ಹೊರಡಲ್ಲ ಅಂದಿದ್ದು.

ಭಾಷಣ ಬೇಡ ಅಂತ ಕೂತೆ, ಆದ್ರೂ ಇಷ್ಟು ಕೇಳು. ನನ್ನ ಇಂಡಿಯಾ ಸಿಮ್ಮು ಸಾಯಿಸಬೇಡ, ಸ್ಪರ್ಶ್ ಓಟಿಪಿ ಎಲ್ಲ ಅದಕ್ಕೇ ಬರೋದು. ಅಲ್ಲೇ ನೆಲೆಸೋದಾದ್ರೆ ಬ್ಯಾಂಕಿಗೆ ಹೇಳಿ ಅಕೌಂಟನ್ನ ಎನ್‌ಆರ್‌ಒ, ಅಂದ್ರೆ ಹೊರದೇಶದಲ್ಲಿರೋರ ಅಕೌಂಟು ಮಾಡ್ಸಬೇಕು, ಅಮ್ಮನ ಹೆಸರು ಜಾಯಿಂಟಲ್ಲೇ ಇರಬೇಕು. ನಂಗೆ ಅಲ್ಲೇ ಏನಾದ್ರೂ ಆದ್ರೆ, ಈ ಮಾತಿಗೆ ಅಳಬೇಡ, ಓದು, ಮೊದಲು ಪೆನ್ಶನ್ ಆಫೀಸಿಗೆ ತಿಳಿಸು, ಆಮೇಲೆ ಅಕೌಂಟಿಂದ ಒಂದು ಪೈಸೆ ಮುಟ್ಟಬೇಡ. ಡೆತ್ ಸರ್ಟಿಫಿಕೇಟ್ ನಾಲ್ಕಾರು ತಗೊಂಡು ಅಪೊಸ್ಟಿಲ್, ಅಂದ್ರೆ ಬೇರೆ ದೇಶದಲ್ಲೂ ನಡೆಯೋ ದೃಢೀಕರಣದ ಮುದ್ರೆ, ಮಾಡ್ಸಿಡು, 2024ರ ಜನವರಿಯಿಂದ ಕೆನಡಾದಲ್ಲೂ ಅದು ಬಂದಿದೆ. ಆ ಹವಾಲ್ದಾರನ ಮಗನಿಗೆ ಇದನ್ನ ಯಾರಾದ್ರೂ ಮುಂಚೆ ಹೇಳಿದ್ರೆ ಆ ತಾಯಿಗೆ ಆ ಗತಿ ಬರ್ತಿರಲಿಲ್ಲ. ನೀನು ಅವನಿಗಿಂತ ಬುದ್ಧಿವಂತೆ, ಆದ್ರೆ ಗೊತ್ತಿಲ್ಲದೆ ಯಾವ ಬುದ್ಧಿ ಕೆಲಸಕ್ಕೆ ಬರುತ್ತೆ.

ಈ ಕಾಗದದ ವಿಷಯ ಅಮ್ಮನಿಗೆ ಹೇಳಬೇಡ. ಡಿಸೆಂಬರ್ ಮೊದಲ ವಾರಕ್ಕೆ ಟಿಕೆಟ್ ಹಾಕು, ಚಳಿ ಇದ್ರೆ ಇರ್ಲಿ, ಲಡಾಖ್ ನೋಡಿದವನು ನಾನು, ಅಮ್ಮನಿಗೆ ಒಳ್ಳೆ ಸ್ವೆಟರ್ ತಗೊಂಡಿಡು. ಟಿಕೆಟ್ ಬದಲಾಯಿಸೋಕೆ ಎಷ್ಟು ಹೋಗುತ್ತೋ ಹೇಳು, ನನ್ನ ಪೆನ್ಶನ್ನಿಂದಲೇ ಕೊಡ್ತೀನಿ, ಬೇಡ ಅನ್ನಬೇಡ.

ನಿನ್ನ ಅಪ್ಪ