ಪಿಟ್‌ಬುಲ್ ಸಾಕುವವರು ಗಮನಿಸಲಿ

ಮಾನ್ಯರೇ,

ಪಿಟ್‌ಬುಲ್ ಕಚ್ಚಿದರೆ ದವಡೆಗೆ ಬೀಗ ಬಿದ್ದಂತೆ ಎಂಬ ಮಾತು ಸುಳ್ಳು. ಅಂಥ ರಚನೆ ಯಾವ ನಾಯಿಗೂ ಇಲ್ಲ. ಆದರೆ ಹಿಡಿದದ್ದನ್ನು ಬಿಡದ ಹಟ ಮತ್ತು ಮೈಬಲ ಇರುವುದರಿಂದ ಗಾಯ ಆಳವಾಗುತ್ತದೆ, ಇದನ್ನು ಮುಚ್ಚಿಡಬಾರದು.

ಕಾಫಿ ತೋಟಗಳಲ್ಲಿ ಹಗಲಿಡೀ ಸರಪಳಿಯಲ್ಲಿ ಕಟ್ಟಿ ರಾತ್ರಿ ಕಾವಲಿಗೆ ಬಿಡುವುದೇ ದೊಡ್ಡ ತಪ್ಪು. ಕಟ್ಟಿದ ನಾಯಿ ಹೆದರಿದಾಗ ಓಡಲಾಗದು, ಹಾಗಾಗಿ ಕಚ್ಚುತ್ತದೆ. ಎಂಟು ವಾರಕ್ಕೆ ಮುಂಚೆ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. 14 ವಾರದೊಳಗೆ ಮಕ್ಕಳು, ಕೆಲಸದವರು, ದನಕರು, ಬೈಕಿನ ಸದ್ದು ಎಲ್ಲ ಪರಿಚಯವಾಗಲಿ. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷವರ್ಷವೂ. ಬೆಳೆದ ಮೇಲೆ ಬೇರೆ ನಾಯಿಗಳೊಂದಿಗೆ ಊಟಕ್ಕೆ ಬಿಡಬೇಡಿ. ಚಿಕ್ಕ ಮಕ್ಕಳೊಂದಿಗೆ ಒಂಟಿಯಾಗಿ ಬಿಡುವುದಂತೂ ಬೇಡವೇ ಬೇಡ, ಯಾವ ತಳಿಯಾದರೂ ಸರಿ.

ಪಶು ಆಸ್ಪತ್ರೆಗಳು ಮರಿ ಸಾಕುವವರಿಗೆ ಈ ತಿಳಿವಳಿಕೆ ಕೊಡಲಿ.

– ಶ್ವಾನಪ್ರಿಯರು, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ