ವಾಪಸ್ ಬಂದವರ ಕಥೆಯೂ ಬೇಕು

ಮಾನ್ಯರೇ,

1989ರ ಫೆಬ್ರುವರಿಯಲ್ಲಿ ಸೋವಿಯತ್ ಸೇನೆ ಅಫ್ಗಾನಿಸ್ತಾನ ಬಿಟ್ಟು ಹೊರಟಿತಲ್ಲ, ಆ ಕಥೆಯ ಸಿನಿಮಾವೊಂದನ್ನು ಮೊನ್ನೆ ಮನೆಯಲ್ಲಿ ನೋಡಿದೆವು. ಪಕ್ಕದಲ್ಲಿ ನಮ್ಮ ಕಾಕಾ ಕೂತಿದ್ದರು. ಶ್ರೀಲಂಕಾಕ್ಕೆ ಹೋಗಿದ್ದ ಭಾರತೀಯ ಶಾಂತಿಪಾಲನಾ ಪಡೆಯಲ್ಲಿದ್ದವರು. ಸಿನಿಮಾ ಮುಗಿದರೂ ಎದ್ದೇಳಲಿಲ್ಲ. ಕೈಯಲ್ಲಿದ್ದ ಚಹಾ ಆರಿ ಕೆನೆ ಕಟ್ಟಿತ್ತು.

1987ರಿಂದ 1990ರವರೆಗೆ ಅಲ್ಲಿ ನಮ್ಮ ಸಾವಿರಕ್ಕೂ ಹೆಚ್ಚು ಯೋಧರು ಸತ್ತರು. ಉಳಿದವರು ಮದ್ರಾಸಿಗೆ ಬಂದಿಳಿದಾಗ ತಮಿಳುನಾಡಿನ ಆಗಿನ ಮುಖ್ಯಮಂತ್ರಿ ಸ್ವಾಗತಕ್ಕೂ ಹೋಗಲಿಲ್ಲ. ಸೇನೆ ಕಳಿಸಿದ್ದು ಸರಿಯೋ ತಪ್ಪೋ, ಅದು ಬೇರೆ ಮಾತು. ಇವರು ಹುಕುಂ ಪಾಲಿಸಿದವರು, ಅಲ್ವಾ?

ಇಂಥವರನ್ನು ಕೂರಿಸಿ, ಕೇಳಿ, ಕನ್ನಡದಲ್ಲೊಂದು ಒಳ್ಳೆ ಸಿನಿಮಾ ಮಾಡಿ. ಕಾಕಾನಂಥವರಿಗೆಲ್ಲ ಈಗ ವಯಸ್ಸಾಗುತ್ತಿದೆ.

– ಒಬ್ಬ ಓದುಗ, ಹುಮನಾಬಾದ್, ಬೀದರ್ ಜಿಲ್ಲೆ